ಒಂಬತ್ತು ಅಡಿಗೆ ಪರಿಹಾರ ಬಂತು, ಉಳಿದ ಮನೆಯ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಪತ್ರಿಕೆಯನ್ನು ಬಹಳ ವರ್ಷದಿಂದ ಓದುತ್ತಿದ್ದೇನೆ, ಪತ್ರ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ. ಆದರೂ ಆದಷ್ಟು ಪೂರ್ತಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಇದರಲ್ಲಿ ನನ್ನ ಮನೆಯ ವಿಷಯ ಅರ್ಧ ಇದೆ. ಇನ್ನರ್ಧ, ರಸ್ತೆ ಅಗಲೀಕರಣಕ್ಕೆ ಅಂತ ಗೋಡೆಯ ಮೇಲೆ ಕೆಂಪು ಗುರುತು ಬಿದ್ದಿರುವ ಯಾರಿಗಾದರೂ ಬೇಕಾಗುವಂಥದ್ದು.

ನಮ್ಮದು 30-40ರ ಸೈಟು. 1994ರಲ್ಲಿ ನಾನು, ನಮ್ಮ ಯಜಮಾನರು ಸೇರಿ ಸಾಲ ಮಾಡಿ ಕಟ್ಟಿದ ಮನೆ. ಕೆಳಗೆ ಒಂದು ಹಾಲ್, ಎರಡು ರೂಮು, ಅಡುಗೆಮನೆ. ಆಮೇಲೆ ಮಹಡಿಯ ಮೇಲೆ ಒಂದು ರೂಮು ಹಾಕಿಸಿ ಬಾಡಿಗೆಗೆ ಕೊಟ್ಟೆವು. ಯಜಮಾನರು ಈಗ ಇಲ್ಲ. ಖಾತೆ ನನ್ನ ಹೆಸರಿನಲ್ಲಿದೆ. ಕಂದಾಯ ಒಂದು ವರ್ಷವೂ ಬಾಕಿ ಇಟ್ಟಿಲ್ಲ.

ರಸ್ತೆ ಬೇಕು. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಯಜಮಾನರಿಗೆ ಎದೆನೋವು ಬಂದ ರಾತ್ರಿ ಆಂಬುಲೆನ್ಸ್ ನಮ್ಮ ಬೀದಿಯ ತಿರುವಿನಲ್ಲಿ ಎದುರು ಬಂದ ಲಾರಿಗೆ ಸಿಕ್ಕಿ ನಿಂತಿತ್ತು. ನಾನು ಗೇಟಿನ ಹತ್ತಿರ ನಿಂತು ಅದರ ದೀಪವನ್ನೇ ನೋಡುತ್ತಿದ್ದೆ. ಹಾಗಾಗಿ ಜಾಗ ಕೊಡಿ ಅಂದಾಗ ನಾನು ಜಗಳಕ್ಕೆ ಹೋಗಲಿಲ್ಲ. ಕೊಟ್ಟ ಜಾಗಕ್ಕೆ ಮಾಡಿದ ಲೆಕ್ಕ ಸರಿಯಿಲ್ಲ, ನನ್ನ ತಕರಾರು ಇಷ್ಟೇ.

ಅಳೆದುಕೊಂಡು ಹೋದದ್ದು ಹೇಗೆ ಅಂತ ಹೇಳುತ್ತೇನೆ. ಒಂದು ಬೆಳಿಗ್ಗೆ ಟೇಪು ಹಿಡಿದುಕೊಂಡು ಮೂವರು ಬಂದರು. ರಸ್ತೆಯ ಮಧ್ಯದಿಂದ ಅಳೆದು ನಮ್ಮ ಹಾಲಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೀಟು ಎಳೆದು, ಪಕ್ಕದಲ್ಲಿ ಒಂದು ನಂಬರು ಬರೆದು ಹೋದರು. ಒಂಬತ್ತು ಅಡಿ. ಎದುರು ಸಾಲಿನ ಮನೆಗಳಿಗೆ ನಾಲ್ಕೇ ಅಡಿ. ಯಾಕೆ ಹೀಗೆ ಅಂತ ಕೇಳಿದರೆ ‘ಸೆಂಟರ್ ಲೈನ್ ಅಲ್ಲೇ ಬರುತ್ತಮ್ಮ’ ಅಂದರು. ಈ ಮಧ್ಯದ ಗೆರೆ ಎಲ್ಲಿಂದ ಬಂತು? ಈಗಿರುವ ಡಾಂಬರಿನ ನಡುವೆ ಹಿಡಿದ ಗೆರೆ ಅದು. ಈ ಡಾಂಬರು ವರ್ಷವರ್ಷ ಹಾಕುತ್ತಾ ಹಾಕುತ್ತಾ ನಮ್ಮ ಕಡೆಗೇ ಸರಿದಿದೆ, ಯಾಕೆಂದರೆ ಆ ಕಡೆ ದೊಡ್ಡ ಚರಂಡಿ ಇದೆ. ಹಳೆಯ ನಕ್ಷೆ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಇಲ್ಲಿ ಇನ್ನೊಂದು ಮಾತು ಬಂತು. ‘ಇದು ರೋಡ್ ಮಾರ್ಜಿನ್, ಮಹಾಯೋಜನೆಯಲ್ಲಿ ಈ ರಸ್ತೆ ಅಗಲವಾಗಿಯೇ ಇದೆ, ಪರಿಹಾರ ಕೊಡುವುದೇ ದೊಡ್ಡದು’ ಅಂತ. ಇದನ್ನು ಕೇಳಿ ಬಹಳ ಜನ ಅಲ್ಲೇ ಸುಮ್ಮನಾಗುತ್ತಾರೆ. ನಾನೂ ಒಂದು ವಾರ ಸುಮ್ಮನಿದ್ದೆ. ಮಹಾಯೋಜನೆ ಅಂದರೆ ಊರಿನ ಮಾಸ್ಟರ್ ಪ್ಲಾನ್. ಅದರ ನಕ್ಷೆಯಲ್ಲಿ ಗೆರೆ ಎಳೆದರೆ ಮುಂದೆ ಅಲ್ಲಿ ರಸ್ತೆ ಬರಬಹುದು ಅಂತ ಅರ್ಥ, ಆ ಗೆರೆಯ ಒಳಗೆ ಹೊಸದಾಗಿ ಕಟ್ಟಬೇಡಿ ಅಂತ ತಡೆಯುವುದಕ್ಕೂ ಅದು ಆಧಾರ. ಜಾಗ ಸರ್ಕಾರದ್ದಾಯಿತು ಅಂತ ಅರ್ಥ ಅಲ್ಲ. ಕ್ರಯಪತ್ರ ನನ್ನ ಹೆಸರಿನಲ್ಲಿ, ಚೆಕ್ಕುಬಂದಿ ಅದರಲ್ಲಿ ಬರೆದಿದೆ, ಕಂದಾಯ ಕಟ್ಟಿದ್ದು ಪೂರ್ತಿ 1200 ಚದರ ಅಡಿಗೆ. ಸಂವಿಧಾನದ 300ಎ ವಿಧಿ ಹೇಳುವುದೂ ಅದನ್ನೇ: ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವ ಹಾಗಿಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೋಯಿತು, ನಿಜ. ಹಕ್ಕೇ ಹೋಗಲಿಲ್ಲ.

ಆಮೇಲೆ ಅಧಿಸೂಚನೆ, ನೋಟಿಸು, ವಿಚಾರಣೆ ಎಲ್ಲ ಆಯಿತು. ವಿಚಾರಣೆ ಅಂದರೆ ಹತ್ತು ನಿಮಿಷ. ನಮ್ಮ ಬೀದಿಯ ಅಷ್ಟೂ ಮನೆಯವರನ್ನು ಒಂದೇ ದಿನ ಕರೆದಿದ್ದರು. ಕೊನೆಗೆ ಅವಾರ್ಡ್, ಅಂದರೆ ಪರಿಹಾರ ನಿಗದಿ ಮಾಡಿದ ಆದೇಶ, ಬಂತು. ಒಂದು ಹಾಳೆ. ಅದರಲ್ಲಿ ಒಂದು ಮೊತ್ತ. ಆ ಮೊತ್ತ ಹೇಗೆ ಬಂತು ಅಂತ ಕೇಳಿದ್ದಕ್ಕೆ ‘ಎಲ್ಲ ರೂಲ್ ಪ್ರಕಾರ ಇದೆ’ ಅಂದರು. ಲೆಕ್ಕದ ಹಾಳೆ ಕೊಡಿ ಅಂತ ಮೂರು ಸಲ ಹೋಗಿ ಕೇಳಿದೆ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೆದುಕೊಳ್ಳಬೇಕಾಯಿತು. ನನ್ನದೇ ಮನೆಯ ಲೆಕ್ಕ ನನಗೆ ಸಿಗುವುದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಬೇಕಾ?

ಆ ಹಾಳೆಯಲ್ಲಿ ಇದ್ದದ್ದು ಇಷ್ಟು. ಜಾಗ, 9 ಅಡಿ ಆಳ, 30 ಅಡಿ ಅಗಲ, ಒಟ್ಟು 270 ಚದರ ಅಡಿ. ಕಾಂಪೌಂಡು 30 ಅಡಿ. ಕಬ್ಬಿಣದ ಗೇಟು 1. ಸಂಪು 1. ಕಟ್ಟಡ 96 ಚದರ ಅಡಿ, ಅದರಲ್ಲಿ 30 ವರ್ಷದ ಸವಕಳಿ ಕಳೆದು ಉಳಿದದ್ದು. ಮುಗಿಯಿತು.

ಈ 96 ಚದರ ಅಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಜಗಳ ಇರುವುದೆಲ್ಲ ಇಲ್ಲೇ. ಮನೆಯ ಮುಂದೆ ನಾವು ಐದು ಅಡಿ ಬಿಟ್ಟು ಕಟ್ಟಿದ್ದೆವು. ಒಂಬತ್ತು ಅಡಿ ಹೋದರೆ ಆ ಐದು ಅಡಿ ಪೂರ್ತಿ ಹೋಗಿ, ಹಾಲಿನ ಒಳಗೆ ಇನ್ನೂ ನಾಲ್ಕು ಅಡಿ ಹೋಗುತ್ತದೆ. ಮನೆಯ ಅಗಲ 24 ಅಡಿ. ನಾಲ್ಕು ಇಂಟು ಇಪ್ಪತ್ತನಾಲ್ಕು, 96. ಕಾಗದದ ಮೇಲೆ ತಪ್ಪೇ ಇಲ್ಲ. ಆದರೆ ಮನೆ ಬಟ್ಟೆ ಅಲ್ಲವಲ್ಲ, ನಾಲ್ಕು ಅಡಿ ಕತ್ತರಿಸಿ ಅಂಚು ಹೊಲಿಯುವುದಕ್ಕೆ. ಆ ನಾಲ್ಕು ಅಡಿಯಲ್ಲಿ ಮುಂದಿನ ಸಾಲಿನ ಪಿಲ್ಲರ್‌ಗಳು ಇವೆ. ಆ ಪಿಲ್ಲರ್‌ಗಳ ಮೇಲೆ ಬೀಮ್ ಕೂತಿದೆ, ಬೀಮ್ ಹಿಂದಿನ ಪಿಲ್ಲರ್‌ವರೆಗೆ ಹೋಗುತ್ತದೆ, ಅದರ ಮೇಲೆ ಹಾಲಿನ ತಾರಸಿ, ತಾರಸಿಯ ಮೇಲೆ ಮಹಡಿಯ ರೂಮು. ಪಿಲ್ಲರ್ ತೆಗೆದರೆ ಬೀಮಿನ ಒಂದು ತುದಿ ಗಾಳಿಯಲ್ಲಿ ನಿಲ್ಲುತ್ತದೆ. ನೋಡಿದ ಎಂಜಿನಿಯರ್ ಹೇಳಿದ್ದು ಹೀಗೆ: ಮೊದಲು ಒಳಗಿನಿಂದ ಪ್ರಾಪ್, ಅಂದರೆ ತಾತ್ಕಾಲಿಕ ಆಸರೆ ಕಂಬ, ಕೊಟ್ಟು ಭಾರ ಹೊರಿಸಬೇಕು, ನಂತರ ಹಾಲಿನ ನೆಲ ಒಡೆದು ಪಾಯ ತೋಡಿ ಹೊಸ ಪಿಲ್ಲರ್ ಎಬ್ಬಿಸಬೇಕು, ಅದು ಗಟ್ಟಿಯಾದ ಮೇಲೆ ಮಾತ್ರ ಮುಂದಿನ ಭಾಗಕ್ಕೆ ಕೈ ಹಾಕಬೇಕು. ಅದಾದ ಮೇಲೆ ಹೊಸ ಗೋಡೆ, ಹೊಸ ಬಾಗಿಲು, ಕಿಟಕಿ, ವೈರಿಂಗು, ನೀರಿನ ಪೈಪು, ಒಳಚರಂಡಿಯ ಸಂಪರ್ಕ, ಮೀಟರ್ ಬೋರ್ಡ್ ಒಳಗೆ ಹಾಕಿಸುವುದು. ಇವುಗಳಲ್ಲಿ ಒಂದಕ್ಕೂ ಆ ಹಾಳೆಯಲ್ಲಿ ಸಾಲು ಇಲ್ಲ.

ಮೆಟ್ಟಿಲಿನ ಕಥೆ ಕೇಳಿ. ಮಹಡಿಗೆ ಹೋಗುವ ಮೆಟ್ಟಿಲು ಹೊರಗಡೆ ಇತ್ತು, ಪೋರ್ಟಿಕೊ ಪಕ್ಕದಲ್ಲಿ. ಅದು ಪೂರ್ತಿ ಆ ಒಂಬತ್ತು ಅಡಿಯಲ್ಲೇ ಬರುತ್ತದೆ. ಹಾಳೆಯಲ್ಲಿ ಮೆಟ್ಟಿಲೂ ಇಲ್ಲ, ಪೋರ್ಟಿಕೊವೂ ಇಲ್ಲ. ಬಿಟ್ಟುಹೋಗಿದೆ ಅಂದುಕೊಳ್ಳೋಣ. ಆದರೆ ಈಗ ಹೊಸ ಮೆಟ್ಟಿಲು ಎಲ್ಲಿ ಹಾಕಲಿ? ಎರಡೂ ಪಕ್ಕದಲ್ಲಿ ಮೂರು ಮೂರು ಅಡಿ ಸಂದಿ ಇದೆ, ಅಲ್ಲಿ ಹಾಕಿದರೆ ಓಡಾಡುವುದಕ್ಕೂ ಜಾಗ ಇರುವುದಿಲ್ಲ. ಹಾಲಿನ ಒಳಗೆ ಹಾಕಿದರೆ ಹಾಲೇ ಉಳಿಯುವುದಿಲ್ಲ. ಬಾಡಿಗೆಗೆ ಇದ್ದ ಹುಡುಗರು ಖಾಲಿ ಮಾಡಿದರು. ಪಾಪ, ಅವರಾದರೂ ಏನು ಮಾಡುತ್ತಾರೆ, ಏಣಿ ಹತ್ತಿ ಮನೆಗೆ ಹೋಗುವುದಕ್ಕಾಗುತ್ತದಾ. ಯಜಮಾನರ ಪಿಂಚಣಿಯ ಜೊತೆ ಆ ಬಾಡಿಗೆಯೇ ನನಗೆ ತಿಂಗಳು ದೂಡುವ ದಾರಿ. ಆ ರೂಮು ಅಲ್ಲೇ ಇದೆ, ಒಂದು ಇಟ್ಟಿಗೆಯೂ ಅಲುಗಿಲ್ಲ, ಆದರೆ ಅದಕ್ಕೆ ಬೆಲೆ ಇಲ್ಲ. ಅವರು ಅದನ್ನು ತೆಗೆದುಕೊಂಡಿಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಅದು ನಷ್ಟ ಅಲ್ಲ.

ಇನ್ನೂ ಒಂದಿದೆ. ಮುಂಭಾಗ ಹೊಸದಾಗಿ ಕಟ್ಟಲು ಪರವಾನಗಿ ಕೇಳಿದರೆ, ಹೊಸ ರಸ್ತೆಯ ಅಂಚಿನಿಂದ ಮತ್ತೆ ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಖಾಲಿ ಜಾಗ, ಬಿಡಿ ಅನ್ನುತ್ತಾರೆ. ಒಂಬತ್ತು ಅಡಿ ಕೊಟ್ಟಾಯಿತು. ಈಗ ಉಳಿದ 31 ಅಡಿಯಲ್ಲಿ ಮತ್ತೆ ಮುಂದೆ ಬಿಡಬೇಕು. ಬಿಟ್ಟರೆ ಹಾಲ್ ಇಲ್ಲ, ಬಿಡದಿದ್ದರೆ ಪರವಾನಗಿ ಇಲ್ಲ. ಜಾಗ ತೆಗೆದುಕೊಂಡ ಮನೆಗೆ ಈ ನಿಯಮದಲ್ಲಿ ಸಡಿಲಿಕೆ ಕೊಡಿ ಅಂತ ಕೇಳಿ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಸವಕಳಿಯ ಬಗ್ಗೆ ಹೇಳಲೇಬೇಕು. 30 ವರ್ಷದ ಹಳೆಯ ಗೋಡೆ, ಅದಕ್ಕೇ ಬೆಲೆ ಕಡಿಮೆ ಅನ್ನುತ್ತಾರೆ. ಮಾರುವುದಾದರೆ ಸರಿ. ನಾನು ಮಾರುತ್ತಿಲ್ಲವಲ್ಲ. ಆ ಗೋಡೆ ಹಳೆಯದಾಗಿದ್ದರೂ ನಿಂತಿತ್ತು, ಮಳೆ ತಡೆಯುತ್ತಿತ್ತು, ಇನ್ನೂ ಮೂವತ್ತು ವರ್ಷ ತಡೆಯುತ್ತಿತ್ತು. ಅದನ್ನು ನೀವು ಒಡೆದ ಮೇಲೆ ನಾನು ಹೊಸ ಗೋಡೆ ಕಟ್ಟಬೇಕು. ಹಳೆಯ ಸಿಮೆಂಟು, ಹಳೆಯ ಕಂಬಿ, ಹಳೆಯ ಕೂಲಿಗೆ ಯಾವ ಮೇಸ್ತ್ರಿಯೂ ಬರುವುದಿಲ್ಲ. ಕಟ್ಟುವ ಖರ್ಚು ಇವತ್ತಿನದು, ಕೊಡುವ ಬೆಲೆ ಮಾತ್ರ ಸವೆದದ್ದು. ಇದು ನ್ಯಾಯ ಅಂತ ನನಗೆ ಯಾರಾದರೂ ಕೂರಿಸಿ ವಿವರಿಸಿದರೆ ಕೇಳುತ್ತೇನೆ.

ಈಗ ಕಾನೂನು ಏನು ಹೇಳುತ್ತದೆ ಅಂತ ನೋಡಿ. ನಾನು ವಕೀಲೆ ಅಲ್ಲ. ಆದರೆ ಕಾಯ್ದೆ ತರಿಸಿಕೊಂಡು ಓದಿದ್ದೇನೆ, ಅರ್ಥವಾಗದ ಕಡೆ ಕೇಳಿ ತಿಳಿದುಕೊಂಡಿದ್ದೇನೆ. 1894ರ ಹಳೆಯ ಭೂಸ್ವಾಧೀನ ಕಾಯ್ದೆ ಹೋಗಿ 2013ರ ಕಾಯ್ದೆ ಬಂತು, 2014ರ ಜನವರಿ 1ರಿಂದ ಜಾರಿಯಲ್ಲಿದೆ. ಇದರ ಹೆಸರಿನಲ್ಲೇ ನ್ಯಾಯಯುತ ಪರಿಹಾರ, ಪಾರದರ್ಶಕತೆ ಅನ್ನುವ ಎರಡು ಮಾತಿವೆ. ಸೆಕ್ಷನ್ 28ರಲ್ಲಿ ಪರಿಹಾರ ಲೆಕ್ಕ ಹಾಕುವಾಗ ಏನೇನು ನೋಡಬೇಕು ಅಂತ ಪಟ್ಟಿ ಇದೆ. ಜಾಗದ ಬೆಲೆ ಅದರಲ್ಲಿ ಒಂದು ಅಷ್ಟೇ. ಒಂದು ಭಾಗವನ್ನು ಬೇರ್ಪಡಿಸಿ ತೆಗೆದುಕೊಂಡಿದ್ದರಿಂದ ಉಳಿದ ಜಾಗಕ್ಕೆ ಆಗುವ ನಷ್ಟ, ಅದೇ ಮಾಲೀಕರ ಬೇರೆ ಆಸ್ತಿಗೆ ಅಥವಾ ಅವರ ಸಂಪಾದನೆಗೆ ಆಗುವ ಹಾನಿ, ಮನೆ ಬದಲಿಸಬೇಕಾಗಿ ಬಂದರೆ ಅದರ ಖರ್ಚು, ಇವನ್ನೂ ನೋಡಬೇಕು ಅಂತ ಬರೆದಿದೆ. ನನ್ನ ಬೀಮು, ನನ್ನ ಮೆಟ್ಟಿಲು, ಬಾಡಿಗೆ ನಿಂತದ್ದು, ಎಲ್ಲವೂ ಇದರ ಒಳಗೆ ಬರುತ್ತದೆ ಅಲ್ವಾ? ಕಾನೂನು ಮಾಡಿದವರಿಗೆ ಇದು ಹೊಳೆದಿತ್ತು. ಲೆಕ್ಕ ಹಾಕಿದವರು ನೋಡಲಿಲ್ಲ.

ಸೆಕ್ಷನ್ 94 ಇನ್ನೂ ಮುಖ್ಯ. ಮನೆಯ ಒಂದು ಭಾಗವನ್ನು ಮಾತ್ರ ಸ್ವಾಧೀನ ಮಾಡಲು ಹೊರಟಾಗ, ಇಡೀ ಮನೆಯನ್ನೇ ತೆಗೆದುಕೊಳ್ಳಿ ಅಂತ ಮಾಲೀಕರು ಬಯಸಿದರೆ, ಬರೀ ಭಾಗವನ್ನು ಮಾತ್ರ ತೆಗೆದುಕೊಳ್ಳುವ ಹಾಗಿಲ್ಲ. ನಾನು ಮನೆ ಪೂರ್ತಿ ಕೊಡುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಯಜಮಾನರು ಕೈಯಾರೆ ನೀರು ಹಾಕಿ ಕ್ಯೂರಿಂಗ್ ಮಾಡಿದ ಗೋಡೆಗಳು ಇವು, ಬಹುಶಃ ಕೊಡುತ್ತಿರಲಿಲ್ಲ. ಆದರೆ ಹೀಗೊಂದು ದಾರಿ ಇದೆ ಅಂತ ನೋಟಿಸಿನಲ್ಲಾಗಲಿ ವಿಚಾರಣೆಯಲ್ಲಾಗಲಿ ಒಬ್ಬರೂ ಹೇಳಲಿಲ್ಲ. ಹಾಲ್ ಹೋದ ಮನೆಯಲ್ಲಿ ಹೇಗೆ ಇರುತ್ತೀರಿ ಅಂತ ಕೇಳಲಿಲ್ಲ.

ಜಾಗದ ದರದಲ್ಲೂ ತಕರಾರು ಇದೆ. ನಮಗೆ ಹಾಕಿರುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಇಟ್ಟ ದರ. ಅದೂ ಪಕ್ಕದ ಒಳಬೀದಿಗೆ ಇರುವ ದರ, ಮುಖ್ಯರಸ್ತೆಯದಲ್ಲ. ಸೆಕ್ಷನ್ 26 ಹೇಳುವುದು ಏನೆಂದರೆ, ಗೈಡೆನ್ಸ್ ವ್ಯಾಲ್ಯೂ ಒಂದು ಕಡೆ, ಸುತ್ತಮುತ್ತ ಇದೇ ಥರದ ಜಾಗ ನಿಜವಾಗಿ ಮಾರಾಟವಾದ ಸರಾಸರಿ ಬೆಲೆ ಇನ್ನೊಂದು ಕಡೆ ಇಟ್ಟು, ಯಾವುದು ಜಾಸ್ತಿಯೋ ಅದನ್ನು ತೆಗೆದುಕೊಳ್ಳಬೇಕು. ಸರಾಸರಿ ಹಾಕುವುದಕ್ಕೂ ಕ್ರಮ ಇದೆ. ಹಿಂದಿನ ಮೂರು ವರ್ಷದಲ್ಲಿ ನೋಂದಣಿಯಾದ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಜಾಸ್ತಿ ಬೆಲೆ ಇರುವ ಅರ್ಧದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಸ್ವಾಧೀನ ಶುರು ಮಾಡುವ ಮೊದಲೇ ಆ ಪ್ರದೇಶದ ಬೆಲೆಯನ್ನು ಈಗಿನ ಮಾರುಕಟ್ಟೆ ದರಕ್ಕೆ ಸರಿಯಾಗಿ ಪರಿಷ್ಕರಿಸಬೇಕು ಅಂತಲೂ ಅದೇ ಸೆಕ್ಷನ್ನಿನಲ್ಲಿ ಇದೆ. ನನ್ನ ಹಾಳೆಯಲ್ಲಿ ಒಂದೇ ಒಂದು ಕ್ರಯಪತ್ರದ ನಂಬರು ಇಲ್ಲ. ಗೈಡೆನ್ಸ್ ವ್ಯಾಲ್ಯೂ ಹಾಕಿ ಕೈ ತೊಳೆದುಕೊಂಡಿದ್ದಾರೆ.

‘ಗೈಡೆನ್ಸ್ ವ್ಯಾಲ್ಯೂ ಕಮ್ಮಿ ಇದ್ದರೂ ಡಬಲ್ ಕೊಡುತ್ತೇವಲ್ಲಮ್ಮ’ ಅಂತ ನನಗೆ ಹೇಳಿದರು. ಈ ಡಬಲ್ ಅಂದರೆ ಏನು ಅಂತ ಎಲ್ಲರೂ ತಿಳಿದುಕೊಳ್ಳಬೇಕು. ಜಾಗದ ಬೆಲೆ ಒಂದು ಲಕ್ಷ, ಕಟ್ಟಡದ ಬೆಲೆ ಐವತ್ತು ಸಾವಿರ ಅಂದುಕೊಳ್ಳಿ. ನಗರದಲ್ಲಿ ಜಾಗದ ಬೆಲೆಯನ್ನು ಒಂದರಿಂದ ಗುಣಿಸುತ್ತಾರೆ, ಅಂದರೆ ಅಷ್ಟೇ ಇರುತ್ತದೆ. ಹಳ್ಳಿಯ ಕಡೆಯಾದರೆ ಒಂದರಿಂದ ಎರಡರವರೆಗೆ ಗುಣಕ ಇದೆ. ಜಾಗ, ಕಟ್ಟಡ ಸೇರಿ ಒಂದೂವರೆ ಲಕ್ಷ. ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಇನ್ನೂ ಒಂದೂವರೆ ಲಕ್ಷ. ಒಟ್ಟು ಮೂರು ಲಕ್ಷ. ಜೊತೆಗೆ ಅಧಿಸೂಚನೆಯಿಂದ ಅವಾರ್ಡ್ ಆಗುವವರೆಗೆ ಅಥವಾ ಜಾಗ ವಶಕ್ಕೆ ತೆಗೆದುಕೊಳ್ಳುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಜಾಗದ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಸೇರಬೇಕು. ಈ ಸೊಲೇಷಿಯಂ ದಾನ ಅಲ್ಲ. ಇಷ್ಟವಿಲ್ಲದಿದ್ದರೂ ಬಿಟ್ಟುಕೊಡಬೇಕಾಗಿ ಬಂದದ್ದಕ್ಕೆ ಕಾನೂನು ಕೊಡುವ ಹಣ. ಹಳೆಯ ಕಾಯ್ದೆಯಲ್ಲಿ ಅದು ಶೇ 30 ಇತ್ತು. ಈಗ ಆ ಡಬಲ್ ಅನ್ನು ತಿರುಗಿಸಿ ನೋಡಿ. ಮೂಲ ಬೆಲೆಯಲ್ಲಿ ಒಂದು ರೂಪಾಯಿ ಕಮ್ಮಿ ಹಾಕಿದರೆ ಕೊನೆಗೆ ಎರಡು ರೂಪಾಯಿ ಹೋಗುತ್ತದೆ. ಮೆಟ್ಟಿಲು ಬರೆಯಲಿಲ್ಲ ಅಂದರೆ ಎರಡು ಮೆಟ್ಟಿಲು ಹೋದ ಹಾಗೆ. ಹಾಗಾಗಿಯೇ ನಾನು ಇಷ್ಟು ಸಣ್ಣ ಸಣ್ಣ ಬಾಬ್ತು ಹಿಡಿದು ಕೂತಿರುವುದು.

ಹಣದ ಬದಲು ಟಿಡಿಆರ್, ಅಂದರೆ ಬೇರೆಯವರಿಗೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ತಗೊಳ್ಳಿ ಅಂತಲೂ ಹೇಳಿ ನೋಡಿದರು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಪ್ರಕಾರ, ಹಣ ಕೇಳದೆ ಜಾಗ ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ಕೊಡುತ್ತಾರೆ, ಅದನ್ನು ಬೇರೆ ಕಡೆ ಜಾಸ್ತಿ ಕಟ್ಟಲು ಬಳಸಬಹುದು ಅಥವಾ ಮಾರಬಹುದು. ದೊಡ್ಡ ಜಾಗ ಇರುವವರಿಗೆ, ಬಿಲ್ಡರ್‌ಗಳಿಗೆ ಅದು ಆದೀತು. ಬೆಂಗಳೂರಿನಲ್ಲಿ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗೆ ಬೇಕಾದ ಅರಮನೆ ಮೈದಾನದ 15 ಎಕರೆ ಚಿಲ್ಲರೆ ಜಾಗದ ಟಿಡಿಆರ್ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಪತ್ರಿಕೆಯಲ್ಲೇ ಓದಿದ್ದೇವೆ. ನನ್ನ 270 ಚದರ ಅಡಿಯ ಪತ್ರ ಹಿಡಿದುಕೊಂಡು ನಾನು ಯಾವ ಬಿಲ್ಡರ್‌ನ ಬಾಗಿಲು ತಟ್ಟಲಿ? ನನಗೆ ಬೇಕಿರುವುದು ಪಿಲ್ಲರ್ ಎಬ್ಬಿಸಲು ದುಡ್ಡು. ಬೇಡ ಅಂದೆ. ಹೀಗೆ ಬಿಟ್ಟುಕೊಡುವುದು ಮಾಲೀಕರ ಇಷ್ಟ. ನಿಮಗೂ ಬೇಡ ಅನ್ನಿಸಿದರೆ ಬೇಡ ಅನ್ನಿ.

ಈಗ ನನ್ನಿಂದಾದ ಒಂದು ತಪ್ಪು, ಮತ್ತು ನಾನು ಮಾಡಿಬಿಡುವುದರಲ್ಲಿದ್ದ ಇನ್ನೊಂದು. ಇದನ್ನು ನೋಟಿಸು ಬಂದಿರುವವರು ದಯವಿಟ್ಟು ಎರಡು ಸಲ ಓದಿ.

ಪರಿಹಾರದ ಬಗ್ಗೆ ನಿಮ್ಮ ಹಕ್ಕುಗಳನ್ನು ತಿಳಿಸಿ ಅಂತ 2013ರ ಕಾಯ್ದೆಯ ಸೆಕ್ಷನ್ 21ರ ನೋಟಿಸು ಬರುತ್ತದೆ. ನಾನು ಅದಕ್ಕೆ ‘ನ್ಯಾಯವಾದ ಪರಿಹಾರ ಕೊಡಿ’ ಅಂತ ಒಂದೇ ಸಾಲು ಬರೆದು ಕೊಟ್ಟೆ. ಅಧಿಕಾರಿಗಳಿಗೆ ಗೌರವ ಕೊಟ್ಟು ಬರೆದರೆ ಸಾಕು ಅಂದುಕೊಂಡಿದ್ದೆ. ಹಾಗೆ ಮಾಡಬೇಡಿ. ಒಬ್ಬ ಎಂಜಿನಿಯರ್ ಕೈಲಿ ಮನೆ ಅಳೆಸಿ, ಏನೇನು ಹೋಗುತ್ತದೆ, ಹೋದದ್ದರಿಂದ ಉಳಿದದ್ದಕ್ಕೆ ಏನಾಗುತ್ತದೆ, ಸರಿ ಮಾಡಲು ಎಷ್ಟಾಗುತ್ತದೆ ಅಂತ ಅಂದಾಜು ಪಟ್ಟಿ ಮಾಡಿಸಿ, ಒಡೆಯುವ ಮೊದಲು ಪ್ರತಿ ಮೂಲೆಯ ಫೋಟೊ ತೆಗೆದು, ಸುತ್ತಮುತ್ತ ಮಾರಾಟವಾದ ಸೈಟುಗಳ ಕ್ರಯಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ, ಎಲ್ಲವನ್ನೂ ಸೇರಿಸಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಯಾವ ಕಡತದಲ್ಲೂ ಇರುವುದಿಲ್ಲ.

ಇನ್ನೊಂದು, ಸಹಿ. ಹಣ ತೆಗೆದುಕೊಳ್ಳುವ ದಿನ ಒಂದು ಕಾಗದ ಮುಂದಿಟ್ಟು ಸಹಿ ಮಾಡಿ ಅನ್ನುತ್ತಾರೆ. ಪೆನ್ನು ಕೈಯಲ್ಲಿತ್ತು. ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಬೀದಿಯ ಹಿರಿಯರೊಬ್ಬರು ನನ್ನ ಜೊತೆ ಬಂದಿದ್ದರು. ‘ಅಮ್ಮಾ, ಪರಿಹಾರ ಸಾಲದು ಎಂಬ ತಕರಾರನ್ನು ಉಳಿಸಿಕೊಂಡು ಹಣ ಪಡೆದಿದ್ದೇನೆ ಅಂತ ಬರೆದು ಆಮೇಲೆ ಸಹಿ ಹಾಕಿ’ ಅಂದರು. ಕಚೇರಿಯವರು ಅದನ್ನು ‘ಅಂಡರ್ ಪ್ರೊಟೆಸ್ಟ್’ ಅನ್ನುತ್ತಾರೆ. ಸೆಕ್ಷನ್ 77ರಲ್ಲಿ ಇದು ಇದೆ. ತಕರಾರು ಬರೆಯದೆ ಹಣ ತೆಗೆದುಕೊಂಡವರಿಗೆ ಪರಿಹಾರ ಜಾಸ್ತಿ ಮಾಡಿ ಅಂತ ಅರ್ಜಿ ಹಾಕುವ ಹಕ್ಕು ಹೋಗುತ್ತದೆ. ನಾನು ಬರೆದೆ. ಗುಮಾಸ್ತರು ‘ಹೀಗೆಲ್ಲ ಬರೆಯುವ ಹಾಗಿಲ್ಲ’ ಅಂದರು. ಕಾಯ್ದೆಯ ಆ ಪುಟ ತೋರಿಸಿದ ಮೇಲೆ ತೆಗೆದುಕೊಂಡರು.

ಪಕ್ಕದ ಮನೆಯ ಅಣ್ಣನವರಿಗೆ ಹೀಗೆ ಹೇಳುವವರು ಇರಲಿಲ್ಲ. ‘ಪೂರ್ಣ ಒಪ್ಪಿಗೆ ಇದೆ’ ಅಂತ ಅಚ್ಚು ಮಾಡಿದ್ದ ಕಾಗದಕ್ಕೆ ಸಹಿ ಹಾಕಿ ಬಂದುಬಿಟ್ಟರು. ಅವರದು ನನಗಿಂತ ಹೆಚ್ಚು ಹೋಗಿದೆ, ಮುಂದಿನ ಅಂಗಡಿಯೂ ಸೇರಿ. ಈಗ ದಿನಾ ಸಂಜೆ ಬಂದು ಏನಾಯಿತಮ್ಮ ನಿಮ್ಮದು ಅಂತ ಕೇಳುತ್ತಾರೆ. ಸೆಕ್ಷನ್ 73ರಲ್ಲಿ ಒಂದು ದಾರಿ ಇದೆ: ಒಂದೇ ಪ್ರಾಥಮಿಕ ಅಧಿಸೂಚನೆಯಲ್ಲಿ ಬಂದ ಯಾರಿಗಾದರೂ, ಪರಿಹಾರದ ವ್ಯಾಜ್ಯ ತೀರ್ಮಾನಿಸುವ ಪ್ರಾಧಿಕಾರ ಮೊತ್ತ ಜಾಸ್ತಿ ಮಾಡಿದರೆ, ಮೊದಲು ಅರ್ಜಿ ಹಾಕದೆ ಇದ್ದ ಉಳಿದವರೂ ಆ ತೀರ್ಪಿನಿಂದ ಮೂರು ತಿಂಗಳೊಳಗೆ ತಮ್ಮದನ್ನೂ ಮತ್ತೆ ನಿಗದಿ ಮಾಡಿ ಅಂತ ಕೇಳಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರುವ ಅವರಿಗೆ ಅದು ದಕ್ಕುತ್ತದೋ ಇಲ್ಲವೋ ಅನ್ನುವುದನ್ನು ವಕೀಲರು ನೋಡಬೇಕು. ದಕ್ಕಲಿ ಅಂತ ನನ್ನ ಆಸೆ.

ಪರಿಹಾರ ಜಾಸ್ತಿ ಮಾಡಿ ಅಂತ ನಾನು ಸೆಕ್ಷನ್ 64ರ ಕೆಳಗೆ ಅರ್ಜಿ ಕೊಟ್ಟಿದ್ದೇನೆ. ಇದಕ್ಕೆ ಗಡುವು ಇದೆ, ಗಮನಿಸಿ. ಅವಾರ್ಡ್ ಮಾಡುವಾಗ ನೀವು ಅಥವಾ ನಿಮ್ಮ ಪರವಾಗಿ ಯಾರಾದರೂ ಹಾಜರಿದ್ದರೆ ಆ ದಿನದಿಂದ ಆರು ವಾರ. ಅರ್ಜಿ ಕೊಟ್ಟ 30 ದಿನದೊಳಗೆ ಅದನ್ನು ಪ್ರಾಧಿಕಾರಕ್ಕೆ ಕಳಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನನ್ನ ಅರ್ಜಿ 30 ದಿನ ಕಳೆದರೂ ಅದೇ ಮೇಜಿನ ಮೇಲಿದೆ. ನಾನು ತಡ ಮಾಡಿದ್ದರೆ ನನ್ನ ಹಕ್ಕೇ ಹೋಗುತ್ತಿತ್ತು. ಅವರ ಕಡೆಯಿಂದ ತಡವಾದರೆ ಕೇಳುವವರು ಯಾರು?

ತಡದ ಬಗ್ಗೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ 2003ರಲ್ಲಿ ಅಧಿಸೂಚನೆ ಮಾಡಿ, 2005ರಲ್ಲಿ ಜಾಗ ವಶಕ್ಕೆ ತೆಗೆದುಕೊಂಡು, ಅವಾರ್ಡ್ ಮಾಡಿದ್ದು 2019ರಲ್ಲಿ. ಅದೂ 2011ರ ಗೈಡೆನ್ಸ್ ವ್ಯಾಲ್ಯೂ ಹಿಡಿದು. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಪರಿಹಾರ ನಿಗದಿ ಮಾಡಿ ಅಂತ ಹೇಳಿತು. 2024ರಲ್ಲಿ ಕೋಲ್ಕತ್ತ ನಗರ ಪಾಲಿಕೆಯ ಒಂದು ಪ್ರಕರಣದಲ್ಲಿ ಅದೇ ಕೋರ್ಟು, 300ಎ ವಿಧಿಯ ಒಳಗೆ ಏಳು ವಿಷಯ ಸೇರಿವೆ ಅಂತ ಬಿಡಿಸಿ ಹೇಳಿದೆ. ನೋಟಿಸು ಕೊಡಬೇಕು, ಆಕ್ಷೇಪಣೆ ಕೇಳಬೇಕು, ಕಾರಣ ಕೊಟ್ಟು ತೀರ್ಮಾನ ತಿಳಿಸಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಬೇಗ ಮುಗಿಸಬೇಕು, ಹೀಗೆ. ಕಾರಣ ಕೊಟ್ಟು ತಿಳಿಸಬೇಕು ಅನ್ನುವುದನ್ನು ಓದಿದಾಗ ನನಗೆ ಬಹಳ ಧೈರ್ಯ ಬಂತು. ನಾನು ಕೇಳುತ್ತಿದ್ದದ್ದೂ ಅದನ್ನೇ. ಮೊತ್ತ ಹೇಳಿದರೆ ಸಾಲದು, ಹೇಗೆ ಬಂತು ಹೇಳಿ.

ಆದರೆ ಎಷ್ಟು ಜನ ಸುಪ್ರೀಂ ಕೋರ್ಟಿಗೆ ಹೋಗುತ್ತಾರೆ? ನಮ್ಮ ಬೀದಿಯಲ್ಲಿ ಮಗ್ಗದ ಕೆಲಸ ಮಾಡುವವರು ಇದ್ದಾರೆ, ಟೈಲರ್ ಇದ್ದಾರೆ, ಒಂಟಿ ಹೆಂಗಸರು ಇದ್ದಾರೆ. ಒಂದು ದಿನ ಕಚೇರಿಗೆ ಹೋದರೆ ಆ ದಿನದ ದುಡಿಮೆ ಹೋಗುತ್ತದೆ. ಕೊಟ್ಟಷ್ಟು ತಗೊಂಡು ಸುಮ್ನೆ ಇರೋಣ ಅನ್ನುತ್ತಾರೆ, ಅವರನ್ನು ತಪ್ಪು ಅನ್ನುವುದಕ್ಕಾಗುವುದಿಲ್ಲ. ‘ನಿಮ್ಮ ಒಬ್ಬರಿಂದ ರಸ್ತೆ ನಿಂತುಹೋಗಿದೆ’ ಅಂತ ನನಗೂ ಕೆಲವರು ಹೇಳಿದರು. ನಾನು ಕೆಲಸ ನಿಲ್ಲಿಸಿಲ್ಲ. ಜಾಗ ಬಿಟ್ಟುಕೊಟ್ಟಿದ್ದೇನೆ, ಜೆಸಿಬಿ ಬಂದು ಕಾಂಪೌಂಡು ಒಡೆದೂ ಆಗಿದೆ. ದುಡ್ಡಿನ ವ್ಯಾಜ್ಯ ಬೇರೆ, ರಸ್ತೆಯ ಕೆಲಸ ಬೇರೆ.

ನಿಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರಲ್ಲಿ ಕೇಳುವುದು ಇಷ್ಟು. ಮಾಹಿತಿ ಹಕ್ಕಿನ ಅರ್ಜಿ ಹಾಕಿಸದೆ, ಅವಾರ್ಡ್ ಜೊತೆಗೇ ಪ್ರತಿ ಮನೆಯವರಿಗೂ ಲೆಕ್ಕದ ಹಾಳೆಯನ್ನು ಕನ್ನಡದಲ್ಲಿ ಕೊಡಿ. ಮನೆಯ ಒಂದು ಭಾಗ ತೆಗೆದುಕೊಳ್ಳುವ ಕಡೆ, ಟೇಪು ಹಿಡಿದವರ ಜೊತೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ ಕೂಡ ಒಳಗೆ ಬಂದು, ಉಳಿಯುವ ಭಾಗ ನಿಲ್ಲುತ್ತದೋ ಇಲ್ಲವೋ, ನಿಲ್ಲಿಸಲು ಏನು ಬೇಕು ಅಂತ ಬರೆಯಲಿ, ಆ ಖರ್ಚು ಪರಿಹಾರದಲ್ಲಿ ಸೇರಲಿ. ಜಾಗ ಕೊಟ್ಟವರಿಗೆ ಮನೆಯ ಮುಂಭಾಗ ಸರಿ ಮಾಡಿಕೊಳ್ಳಲು ಸೆಟ್‌ಬ್ಯಾಕ್ ತೊಡಕಾಗದ ಹಾಗೆ ಪರವಾನಗಿ ಕೊಡಿ. ನನ್ನ ಅರ್ಜಿಯನ್ನು ಪ್ರಾಧಿಕಾರಕ್ಕೆ ಕಳಿಸಿ.

ಮತ್ತೆ ಅಳೆಯಲು ಯಾರನ್ನಾದರೂ ಕಳಿಸುವುದಾದರೆ ಮುಂದಿನಿಂದ ಬರಲು ಈಗ ಆಗುವುದಿಲ್ಲ. ಹಾಲಿನಲ್ಲಿ ಪ್ರಾಪ್ ನಿಲ್ಲಿಸಿ ಟಾರ್ಪಾಲು ಕಟ್ಟಿದ್ದೇವೆ. ಎಡಗಡೆಯ ಮೂರು ಅಡಿ ಸಂದಿಯಲ್ಲಿ ಬಂದರೆ ಅಡುಗೆಮನೆಯ ಬಾಗಿಲು ಸಿಗುತ್ತದೆ. ಹಗಲು ಪೂರ್ತಿ ನಾನು ಮನೆಯಲ್ಲೇ ಇರುತ್ತೇನೆ.

ಇಂತಿ,
ಅರ್ಧ ಹಾಲ್ ಕೊಟ್ಟ ಮನೆಯ ಮಾಲೀಕಳು